ಒಳಮನೆಯ ಗಿಡಕ್ಕೆ ಎಂತಹ ದೀಪ?

ಅರಕಲಗೂಡು ಸೀಮೆಯ ಹಳ್ಳಿಯೊಂದರಿಂದ ಹಾಸನದ ಮಗನ ಮನೆಗೆ ಬಂದು ನೆಲೆಸಿರುವ ವೃದ್ಧ ತಾಯಿಯೊಬ್ಬರನ್ನು ಆಷಾಢದಲ್ಲಿ ಕಾಣಹೋಗಿದ್ದೆನು. ಊರಿನಿಂದ ಬರುವಾಗ ಅವರು ನಿತ್ಯಪೂಜೆಯ ಪತ್ರೆಗೆಂದು ಬಿಲ್ವದ ಸಸಿಯೊಂದನ್ನು ಕುಂಡದಲ್ಲಿ ತಂದಿದ್ದರು. ನಡುಮನೆಯ ಮೂಲೆಯಲ್ಲಿದ್ದ ಅದರ ಮೇಲೆ ನೇರಳೆ ಬಣ್ಣದ ದೀಪವೊಂದು ಹಗಲಿರುಳೂ ಉರಿಯುತ್ತಿತ್ತು. ತಾಯಿಯ ಮೇಲಣ ಪ್ರೀತಿಯಿಂದ ಮಗನು ಬಹಳ ಹಣ ಕೊಟ್ಟು ತಂದುದು. ಆದರೂ ಸಸಿ ಎಲೆಯುದುರಿಸಿ ಕಡ್ಡಿಯಾಗುತ್ತಲಿತ್ತು. “ಇದೂ ನನ್ನಂಗೇ ಬಿಸ್ಲು ಕಾಣ್ದೆ ಸೊರಗ್ತಾ ಐತೆ, ಅಯ್ನೋರೆ” ಎಂದರು ಆ ತಾಯಿ.

ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಇಂದು ಗೋಡೆಗೆ ಗೋಡೆ ತಾಗಿ ಮನೆಗಳೇಳುತ್ತಿವೆ. ಹಿತ್ತಿಲು ಹೋಗಿ ಕುಂಡ ಉಳಿದಿದೆ. ಆದುದರಿಂದ ದೀಪದ ಬೆಳಕಿನಲ್ಲಿ ಗಿಡ ಬೆಳೆಸುವ ವಿಚಾರವನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು.

ಮೊದಲನೆಯದಾಗಿ, ನಮ್ಮ ಕಣ್ಣನ್ನು ನಂಬಲಾಗದು. ನಡುಹಗಲಿನ ಬಿಸಿಲಿನ ಪ್ರಖರತೆ ಸುಮಾರು 1,00,000 ಲಕ್ಸ್. ದೀಪ ಹಚ್ಚಿದ ಕೋಣೆಯಲ್ಲಿ ಸಾಮಾನ್ಯವಾಗಿ ಕೆಲವು ನೂರು ಲಕ್ಸ್ ಮಾತ್ರ. ಕಣ್ಣು ಎರಡಕ್ಕೂ ಹೊಂದಿಕೊಳ್ಳುತ್ತದೆ, ಎಲೆ ಹೊಂದಿಕೊಳ್ಳಲಾರದು. ಬಿಲ್ವವು ಬಯಲಿನ ಮರ. ಅದಕ್ಕೆ ಬಿಸಿಲಿಗೆ ಬದಲಾಗಿ ಮನೆಯ ದೀಪ ಸಾಲದು. ಪುದೀನ, ಕೊತ್ತಂಬರಿ, ದೊಡ್ಡಪತ್ರೆಗಳನ್ನಾದರೆ ದೀಪದ ಕೆಳಗೆ ಬೆಳೆಸಬಹುದು.

ಎರಡನೆಯದು ಬಣ್ಣದ ಮಾತು. ಎಲೆಯ ಹಸಿರು ದ್ರವ್ಯವು ಕೆಂಪು ಮತ್ತು ನೀಲಿ ಕಿರಣಗಳನ್ನು ಹೆಚ್ಚಾಗಿ ಹೀರುವುದರಿಂದ ನೇರಳೆ ದೀಪಗಳು ಬಂದವು. ಆದರೆ ಬಿಳಿಯ ಎಲ್‌ಇಡಿ ಬೆಳಕಿನಲ್ಲಿಯೂ ಈ ಎರಡು ಕಿರಣಗಳುಂಟು. ಹಸಿರು ಕಿರಣವನ್ನೂ ಎಲೆ ಅಷ್ಟಿಷ್ಟು ಬಳಸಿಕೊಳ್ಳುತ್ತದೆ. ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾದುದೂ ರೋಗ ತಗುಲಿದುದೂ ಕಾಣುವುದಿಲ್ಲ. ಮನೆಗೆ 20 ವ್ಯಾಟಿನ ಬಿಳಿಯ ಕೊಳವೆ ದೀಪವೇ ಉತ್ತಮ. ಅದನ್ನು ಗಿಡದ ತುದಿಯಿಂದ ಒಂದಡಿಯೊಳಗೆ ತೂಗುಹಾಕಬೇಕು. ದೂರ ಸರಿದಷ್ಟೂ ಬೆಳಕು ಬೇಗನೆ ಕ್ಷೀಣಿಸುತ್ತದೆ. ದಿನಕ್ಕೆ 12 ಗಂಟೆ ಉರಿಸಿದರೆ ತಿಂಗಳಿಗೆ 7.2 ಯೂನಿಟ್ ವಿದ್ಯುತ್ತು ತಗಲುತ್ತದೆ. ನೀರೆರೆಯುವಾಗ ದೀಪವನ್ನು ಆರಿಸುವುದನ್ನು ಮರೆಯಬಾರದು.

ಮೂರನೆಯದು ಕತ್ತಲೆ. ಹಾಸನದ ಆಲೂಗೆಡ್ಡೆ ಬೆಳೆಗಾರರು ಬಹುಕಾಲದಿಂದ ದೂರದ ಜಲಂಧರದ ಬಿತ್ತನೆ ಗೆಡ್ಡೆಯನ್ನು ನೆಚ್ಚಿದವರು. ಈಗ ಅಂಗಾಂಶ ಕೃಷಿಯ ಸಸಿಗಳಿಂದ ಕುಡಿ ಕತ್ತರಿಸಿ ಬೇರು ಬರಿಸಿ ನಾಟಿ ಮಾಡುವ ವಿಧಾನವೂ ಬಂದಿದೆ. ಅಂತಹ ಸಸಿಗಳು ಮೊದಲು ಮುಚ್ಚಿದ ಕೋಣೆಯಲ್ಲಿ, ಸೀಸೆಯೊಳಗೆ, ದೀಪದ ಬೆಳಕಿನಲ್ಲಿಯೇ ಬೆಳೆಯುತ್ತವೆ. ಅಲ್ಲಿಯೂ ಸಾಮಾನ್ಯವಾಗಿ 16 ಗಂಟೆ ಬೆಳಕು, 8 ಗಂಟೆ ಕತ್ತಲೆ. ಸೇವಂತಿಗೆಗಂತೂ ದೀರ್ಘವಾದ ಇರುಳು ದೊರೆತಾಗಲೇ ಮೊಗ್ಗು. ಹೂವನ್ನು ತಡೆದು ಬೇಕಾದ ಕಾಲಕ್ಕೆ ಪಡೆಯಲೆಂದು ನಮ್ಮ ನಾಡಿನ ಕೆಲವು ಬೆಳೆಗಾರರು ಹೊಲದಲ್ಲಿ ರಾತ್ರಿ ದೀಪ ಉರಿಸುವುದುಂಟು. ತಿಳಿಯದೆ ಮನೆಯಲ್ಲಿ ಅದನ್ನೇ ಮಾಡಿದರೆ ಹೂವೇ ಬಿಡದು. ಕೊಡುವುದರಲ್ಲಿಯೂ ನಿಲ್ಲಿಸುವ ಹೊತ್ತನ್ನು ಅರಿತಿರಬೇಕು.

ಇಷ್ಟನ್ನು ಆ ಮಗನಿಗೆ ತಿಳಿಸಿದೆನು. ಬಿಲ್ವದ ಕುಂಡವನ್ನು ಎರಡು ವಾರ ಅರೆನೆರಳಿನಲ್ಲಿಟ್ಟು ಬಳಿಕ ತಾರಸಿಯ ಬಿಸಿಲಿಗೆ ಒಯ್ದರು. ನಡುಮನೆಯ ಮೂಲೆಯಲ್ಲಿ ಬಿಳಿಯ ದೀಪದ ಕೆಳಗೆ ಪುದೀನ ಚಿಗುರಿದೆ. ಶ್ರಾವಣದ ಕೊನೆಗೆ ನಾನು ಮತ್ತೆ ಹೋದಾಗ ಬಿಲ್ವದ ಕಡ್ಡಿಯಲ್ಲಿ ಮೂರು ಚಿಗುರುಗಳಿದ್ದವು. ಪೂಜೆಗೆ ಕೊಯ್ಯುವಷ್ಟು ಪತ್ರೆ ಇನ್ನೂ ಬಂದಿರಲಿಲ್ಲ. ಆದರೆ ಮಗನು ಪ್ರತಿದಿನ ಬೆಳಗ್ಗೆ ತಾಯಿಯ ಕೈಹಿಡಿದು ಮೆಟ್ಟಿಲು ಹತ್ತಿಸುತ್ತಾನೆ. ಅವರು ಗಿಡಕ್ಕೆ ನೀರೆರೆದು, ಪಕ್ಕದ ಕುರ್ಚಿಯಲ್ಲಿ ಎಳೆಬಿಸಿಲಿಗೆ ಕುಳಿತಿರುತ್ತಾರೆ. ದೀಪ ಕೊಳ್ಳುವ ಮುನ್ನ ನಮ್ಮ ಮನೆಯಲ್ಲಿ ಬಿಸಿಲು ಬೀಳುವ ಎಡೆ ಎಲ್ಲಿದೆಯೆಂದು ಒಮ್ಮೆ ನೋಡಿಕೊಳ್ಳೋಣ.