ಕಂಪನಿಯ ಗೇಟು, ಕಾಲೇಜಿನ ಬಾಗಿಲು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಕ್ಯಾಸಂಬಳ್ಳಿ ಹೋಬಳಿಯ ಊರುಗಳಲ್ಲಿ ಮನೆಮನೆಗೂ ಒಂದೇ ಲೆಕ್ಕಾಚಾರ. ಐಟಿಐಗೆ ಸೇರಿಸಿದರೆ ಎರಡು ವರ್ಷಕ್ಕೆ ಹುಡುಗ ದುಡಿಮೆಗೆ ನಿಲ್ಲುತ್ತಾನೆ. ಪಿಯುಸಿಗೆ ಸೇರಿಸಿದರೆ ಅದರ ಹಿಂದೆಯೇ ಡಿಗ್ರಿ, ಒಟ್ಟು ಐದು ವರ್ಷದ ಫೀಸು, ಬಸ್ ಪಾಸು, ಬಟ್ಟೆಬರೆ. ಡಿಪ್ಲೊಮಾ ಇವೆರಡರ ನಡುವೆ. ಸಾಲ ಎಷ್ಟಿದೆ, ಬೋರ್‌ವೆಲ್ಲಿನಲ್ಲಿ ನೀರು ಎಷ್ಟಿದೆ, ತಂಗಿಯ ಮದುವೆ ಯಾವಾಗ ಎಂಬುದೆಲ್ಲ ಈ ತೀರ್ಮಾನದೊಳಗೆ ಬಂದು ಕೂರುತ್ತದೆ. ಇದೇ ಲೆಕ್ಕ ವಿಧಾನಸೌಧಕ್ಕೆ ಹೋದಾಗ ‘ಉದ್ಯಮದ ಬೇಡಿಕೆಗೆ ತಕ್ಕ ಶಿಕ್ಷಣ’ ಎಂಬ ಘೋಷಣೆಯಾಗುತ್ತದೆ. ಅದನ್ನು ಒಪ್ಪುವವರಿಗೂ ಬಲವಾದ ಕಾರಣವಿದೆ, ಅನುಮಾನಿಸುವವರಿಗೂ ಇದೆ. ಕ್ಯಾಸಂಬಳ್ಳಿಯೂ ಸೇರಿದ, ಕೋಲಾರದ ಚಿನ್ನದ ಗಣಿಯ (ಕೆಜಿಎಫ್) ಸುತ್ತಲ ಸೀಮೆ ಈ ಎರಡೂ ಕಾರಣಗಳನ್ನು ಅನುಭವಿಸಿ ಕಂಡಿದೆ.

ಒಪ್ಪುವವರ ಮಾತು ಮೊದಲು. ಕೋಲಾರ ಜಿಲ್ಲೆಯಲ್ಲಿ ಕಾರ್ಖಾನೆ ಇಲ್ಲ ಎಂದು ಈಗ ಯಾರೂ ಹೇಳುವಂತಿಲ್ಲ. ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಘಟಕ 2013ರಲ್ಲಿ ಶುರುವಾಯಿತು. ಅಲ್ಲಿಯೇ ವಿಸ್ಟ್ರಾನ್ ಕಟ್ಟಿದ ಐಫೋನ್ ಜೋಡಣೆಯ ಕಾರ್ಖಾನೆಯನ್ನು 2023ರಲ್ಲಿ ಟಾಟಾ ಸಮೂಹ ಕೊಂಡಿತು. ಮಾಲೂರು, ವೇಮಗಲ್‌ಗಳಲ್ಲೂ ಕೈಗಾರಿಕಾ ಪ್ರದೇಶಗಳಿವೆ. ಕೆಜಿಎಫ್‌ನಲ್ಲಿ ಬುಲ್ಡೋಜರ್, ಎಕ್ಸ್‌ಕವೇಟರ್ ತಯಾರಿಸುವ ಬೆಮೆಲ್ ಅರುವತ್ತರ ದಶಕದಿಂದಲೂ ಇದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಸಕೋಟೆಯಿಂದ ಬೇತಮಂಗಲದವರೆಗೆ ಬಂದು ಮುಟ್ಟಿದೆ. ಇಷ್ಟಿದ್ದೂ ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಳಗಿನ ರೈಲು ತುಂಬಿ ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಪಕ್ಕದ ಕಂಪನಿಗೆ ಬೇಕಾದ ಕೆಲಸವನ್ನು ಪಕ್ಕದ ಐಟಿಐ ಕಲಿಸುತ್ತಿದ್ದರೆ ಇವರಲ್ಲಿ ಒಂದಷ್ಟು ಮಂದಿಯಾದರೂ ರಾತ್ರಿಯೂಟಕ್ಕೆ ಮನೆಯಲ್ಲಿರುತ್ತಿರಲಿಲ್ಲವೇ?

ಈ ಪ್ರಶ್ನೆ ಎಷ್ಟು ನ್ಯಾಯವಾದದ್ದೆಂದು ತಿಳಿಯಲು ಹಳೆಯ ಐಟಿಐಯೊಂದರ ಫಿಟ್ಟರ್ ವರ್ಕ್‌ಶಾಪನ್ನು ನೋಡಬೇಕು. ಮೊದಲ ತಿಂಗಳುಗಳಲ್ಲಿ ಹುಡುಗನ ಕೈಗೆ ಬರುವುದು ಒಂದು ಕಬ್ಬಿಣದ ತುಂಡು ಮತ್ತು ಒಂದು ಅರ. ವೈಸ್‌ಗೆ ಬಿಗಿದು ಅರ ಹಾಕುತ್ತಾ ಹೋಗಬೇಕು, ಆಗಾಗ ಬಿಡಿಸಿ ಟ್ರೈ ಸ್ಕ್ವೇರ್ ಹಿಡಿದು ಬೆಳಕಿಗೆ ಎತ್ತಬೇಕು. ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಅರ. ವರ್ನಿಯರ್‌ನಲ್ಲಿ 0.02 ಮಿಲಿಮೀಟರ್ ಓದಲು ಕಣ್ಣು ಪಳಗಬೇಕು. ಈ ಪಾಠದಲ್ಲಿ ತಪ್ಪೇನೂ ಇಲ್ಲ, ಲೋಹದ ಗುಣ ಕೈಗೆ ತಿಳಿಯುವುದೇ ಹೀಗೆ. ಆದರೆ ಎರಡು ವರ್ಷ ಕಳೆದ ಮೇಲೂ ಹುಡುಗ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದ ಗುಂಡಿ ಮುಟ್ಟಿರುವುದಿಲ್ಲ ಎಂದರೆ, ಗೇಟಿನಲ್ಲಿ ಸಂದರ್ಶನ ಮಾಡುವವನು ‘ಇವನಿಗೆ ನಾವೇ ಮೊದಲಿನಿಂದ ಹೇಳಿಕೊಡಬೇಕು’ ಎಂದಾಗ ಅದನ್ನು ಬರೀ ನೆಪ ಎಂದು ತಳ್ಳಿಹಾಕಲಾಗದು. ಕರ್ನಾಟಕದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಮತ್ತಿತರ ಕಂಪನಿಗಳ ಜೊತೆಗೂಡಿ ಸುಮಾರು 4,700 ಕೋಟಿ ರೂಪಾಯಿಯಲ್ಲಿ ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಿದ್ದು ಈ ಕೊರತೆಗೆ ಉತ್ತರವಾಗಿಯೇ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದ (ಜಿಟಿಟಿಸಿ) ಟೂಲ್ ಅಂಡ್ ಡೈ ಡಿಪ್ಲೊಮಾ ಇನ್ನೂ ಹಳೆಯ, ನನ್ನ ಮಟ್ಟಿಗೆ ಇನ್ನೂ ಗಟ್ಟಿಯಾದ ಉದಾಹರಣೆ. ಮೂರು ವರ್ಷ ಸಂಸ್ಥೆಯಲ್ಲಿ, ಕೊನೆಯ ಒಂದು ವರ್ಷ ಪೂರ್ತಿ ಕಾರ್ಖಾನೆಯಲ್ಲಿ. ಕಲಿಯುವ ಯಂತ್ರವೂ ದುಡಿಯುವ ಯಂತ್ರವೂ ಒಂದೇ ಆಗಿರುವ ಕಡೆ ಈ ಗೇಟಿನ ಜಗಳ ಅರ್ಧ ತೀರುತ್ತದೆ.

ಇನ್ನು ಅನುಮಾನಿಸುವವರ ಮಾತು. ಇದಕ್ಕೆ ಕೆಜಿಎಫ್‌ಗಿಂತ ದೊಡ್ಡ ಸಾಕ್ಷಿ ಬೇಡ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚುವವರೆಗೆ ಈ ಊರಿನ ಕಲಿಕೆಯ ಬಹುಪಾಲು ಗಣಿ ಎಂಬ ಒಬ್ಬನೇ ಧಣಿಗೆ ಹೊಂದಿಕೊಂಡಿತ್ತು. ಅಪ್ಪನ ಹಿಂದೆ ಮಗ ಗಣಿಗೆ ಇಳಿದ. ವೈಂಡಿಂಗ್ ಎಂಜಿನ್ ನಡೆಸುವವನು ಗಂಟೆಯ ಹೊಡೆತ ಎಣಿಸಿ, ಡಯಲಿನ ಮುಳ್ಳು ನೋಡಿ, ಕಣ್ಣಿಗೆ ಕಾಣದ ಆಳದಲ್ಲಿ ಆಳು ತುಂಬಿದ ಕೇಜನ್ನು ಸರಿಯಾದ ಮಟ್ಟಕ್ಕೆ ತಂದು ನಿಲ್ಲಿಸುತ್ತಿದ್ದ. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಮಿಕ್ಕ ಆಳದ ಗಣಿ. ಅಲ್ಲಿ ಅಂದಾಜು ತಪ್ಪಿದರೆ ಜೀವ ಹೋಗುತ್ತಿತ್ತು. ಬೇಡಿಕೆಗೆ ಇಷ್ಟು ಕರಾರುವಾಕ್ಕಾಗಿ ಹೊಂದಿದ ಕೌಶಲ ನಾಡಿನಲ್ಲಿ ಮತ್ತೆಲ್ಲಿ ಸಿಗುತ್ತದೆ? ಆದರೆ ಗಣಿ ನಿಂತ ಮರುದಿನ ಆ ಕೌಶಲವನ್ನು ಕೇಳುವವರು ಊರಿನಲ್ಲಿ ಯಾರೂ ಉಳಿಯಲಿಲ್ಲ. ಗಣಿ ಕಾನೂನಿನಡಿ ಪಡೆದ ಬ್ಲಾಸ್ಟರ್, ಮೇಟ್, ವೈಂಡಿಂಗ್ ಪ್ರಮಾಣಪತ್ರಗಳಿಗೆ ಬೇರೆ ಗಣಿಗಳಲ್ಲಿ ಬೆಲೆಯಿತ್ತು, ನಿಜ. ಆದರೆ ಐವತ್ತರ ಹತ್ತಿರದ ಮನುಷ್ಯ ಸಂಸಾರ ಕಟ್ಟಿಕೊಂಡು ಹಟ್ಟಿಗೋ ಜಾರ್ಖಂಡಿಗೋ ಹೊರಡುವುದು ಹೇಗೆ? ಅದೇ ಗಣಿಯ ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳಿಗೆ ಪೀಣ್ಯದ ಬಾಗಿಲು ತಟ್ಟುವ ದಾರಿಯಾದರೂ ಇತ್ತು. ವ್ಯತ್ಯಾಸ ಕಷ್ಟಪಟ್ಟದ್ದರಲ್ಲಿ ಇರಲಿಲ್ಲ, ಕಲಿತದ್ದು ಎಷ್ಟು ಕಡೆ ಸಲ್ಲುತ್ತದೆ ಎಂಬುದರಲ್ಲಿ ಇತ್ತು.

ಅದು ನೂರಿಪ್ಪತ್ತು ವರ್ಷ ಬಾಳಿದ ಗಣಿಯ ಕಥೆ. ಈಗಿನ ಕಂಪನಿಗಳ ಆಯಸ್ಸು ಅಷ್ಟಿಲ್ಲ. ಸ್ಕ್ಯಾನಿಯಾ ನರಸಾಪುರದಲ್ಲಿ 2015ರಲ್ಲಿ ತೆರೆದ ಬಸ್ ತಯಾರಿಕೆ ಘಟಕವನ್ನು 2018ರಲ್ಲಿ ಮುಚ್ಚಿತು. ಅದು ತೆರೆದ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿ ಆ ಬಸ್ಸಿನ ಬಾಡಿ ಕಟ್ಟುವ ಕೆಲಸವನ್ನೇ ನಂಬಿ ಐಟಿಐಗೆ ಸೇರಿದ ಹುಡುಗ ಅಪ್ರೆಂಟಿಸ್‌ಶಿಪ್ ಮುಗಿಸುವ ಹೊತ್ತಿಗೆ ಕಾರ್ಖಾನೆಯೇ ಇಲ್ಲ. ಬೆಮೆಲ್ ಸರ್ಕಾರದ್ದು, ಅದಕ್ಕೇನೂ ಆಗದು ಎಂಬ ಧೈರ್ಯವೂ 2021ರಲ್ಲಿ ಕೇಂದ್ರ ಸರ್ಕಾರ ಅದರ ಶೇ 26ರಷ್ಟು ಪಾಲನ್ನು ಮಾರಲು ಆಸಕ್ತರನ್ನು ಕರೆದಾಗ ಅಲುಗಾಡಿತು.

ಬೇಡಿಕೆ ಎಂಬುದರ ಒಳಗೂ ಇಣುಕಬೇಕು. ಕಂಪನಿ ಸಭೆಯಲ್ಲಿ ಕೇಳುವುದು ಕುಶಲ ಕೆಲಸಗಾರರನ್ನು. ಲೈನಿನಲ್ಲಿ ಬೇಕಾಗುವುದು ಎಷ್ಟೋ ಸಲ ಎಲೆಕ್ಟ್ರಿಕ್ ಸ್ಕ್ರೂಡ್ರೈವರ್ ಹಿಡಿದು ಒಂದೇ ತಿರುಪನ್ನು ಶಿಫ್ಟ್ ಮುಗಿಯುವವರೆಗೆ ಬಿಗಿಯುವ ಕೈ. ಅದಕ್ಕೆ ಎರಡು ವರ್ಷದ ಟ್ರೇಡ್ ಬೇಕಿಲ್ಲ, ಕೆಲವು ದಿನದ ತರಬೇತಿ ಸಾಕು. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಘಟಕದಲ್ಲಿ ನಡೆದ ದಾಂಧಲೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಅದರ ಹಿಂದೆ ಇದ್ದದ್ದು ಸಂಬಳದ ತಕರಾರು, ಹೆಚ್ಚಿನ ಅವಧಿಯ ದುಡಿಮೆ, ಏಜೆನ್ಸಿಗಳ ಮೂಲಕ ಬಂದ ಕಾಂಟ್ರಾಕ್ಟ್ ನೌಕರಿ. ಅಧಿಕಾರಿಗಳ ವಿಚಾರಣೆಯಲ್ಲೇ ಕಾರ್ಮಿಕ ಕಾನೂನಿನ ಲೋಪಗಳು ಹೊರಬಂದವು, ಆಪಲ್ ಕೂಡ ತಪ್ಪು ಕಂಡು ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನು ಆಗ ತಡೆಹಿಡಿಯಿತು. ಓದಿದ ಮಕ್ಕಳಿಗೆ ಬೇಡಿಕೆ ಇದೆ ಎಂದವರು ಯಾವ ಸಂಬಳಕ್ಕೆ, ಎಷ್ಟು ತಿಂಗಳಿಗೆ ಬೇಡಿಕೆ ಇದೆ ಎಂಬುದನ್ನೂ ಹೇಳಬೇಕಾಗಿತ್ತು.

ಇಲ್ಲಿ ಒಂದು ಮಾತನ್ನು ಇನ್ನೊಂದು ಬದಿಗೂ ಸೇರಿಸದಿದ್ದರೆ ಅನ್ಯಾಯ. ಫೋನ್ ಜೋಡಿಸುವ ಕಾರ್ಖಾನೆಗಳು ಹೆಚ್ಚಾಗಿ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುತ್ತವೆ. ಪಿಯುಸಿ ಮುಗಿದ ಕೂಡಲೇ ಗಂಡು ಹುಡುಕುವ ಮನೆಯಲ್ಲಿ, ತಿಂಗಳಿಗೊಮ್ಮೆ ತನ್ನ ಖಾತೆಗೆ ಸಂಬಳ ಬೀಳುವ ಹುಡುಗಿಯ ಮಾತಿಗೆ ತೂಕ ಬರುತ್ತದೆ. ಕಂಪನಿ ಬಸ್ಸಿನಲ್ಲಿ ಹೋಗಿ ಬರುವ ಆ ಕೆಲಸ ಎಷ್ಟೇ ಸಣ್ಣದಿರಲಿ, ಅದನ್ನು ದೂರದಿಂದ ಹೀಗಳೆಯಲು ನನಗೆ ಮನಸ್ಸಿಲ್ಲ. ಅವಳಿಗೆ ಅಲ್ಲಿಂದ ಮುಂದಕ್ಕೆ ಓದುವ ದಾರಿ ಇದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ಹಾಗಾದರೆ ಕಾಲೇಜೇ ಸರಿಯೇ? ಕ್ಯಾಸಂಬಳ್ಳಿಗೆ ಕಾಲೇಜಿನ ದಾರಿಯ ಮೇಲೆ ನಂಬಿಕೆ ಹುಟ್ಟಲು ದೊಡ್ಡ ನಿದರ್ಶನವೇ ಇದೆ. 1902ರಲ್ಲಿ ಇಲ್ಲಿ ಹುಟ್ಟಿದ ಕೆ. ಚೆಂಗಲರಾಯ ರೆಡ್ಡಿಯವರು ಕಾನೂನು ಓದಿ, ಮೈಸೂರು ರಾಜ್ಯದ ಮೊದಲ ಮುಖ್ಯಮಂತ್ರಿಯಾಗಿ, ಆಮೇಲೆ ನೆಹರೂ ಸಂಪುಟದಲ್ಲಿ ಉತ್ಪಾದನಾ ಖಾತೆ ನೋಡಿಕೊಂಡರು. ಆದರೆ ಅಂದಿನ ಡಿಗ್ರಿಗೂ ಇಂದಿನ ಡಿಗ್ರಿಗೂ ಹೋಲಿಕೆ ಸಲ್ಲದು. ಬಿ.ಎ., ಬಿ.ಕಾಂ. ಮುಗಿಸಿದವರು ಅದೇ ಲೈನಿನಲ್ಲಿ, ಪಿಯುಸಿ ಮಾಡಿದವರ ಪಕ್ಕದಲ್ಲೇ ನಿಂತಿರುವುದು ಈ ಜಿಲ್ಲೆಯಲ್ಲಿ ಅಪರೂಪವಲ್ಲ. ಮನೆಯವರು ಮಾಡಿದ ಮೂರು ವರ್ಷದ ಖರ್ಚಿಗೆ ಅಲ್ಲಿ ಲೆಕ್ಕವೇ ಇಲ್ಲ. 2024-25ರಿಂದ ರಾಜ್ಯದ ಕೆಲವು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಅಪ್ರೆಂಟಿಸ್‌ಶಿಪ್ ಸೇರಿದ ಪದವಿ ಕೋರ್ಸುಗಳು ಬಂದಿರುವುದು, ಡಿಗ್ರಿ ತಾನೊಂದೇ ಸಾಲದು ಎಂದು ಇಲಾಖೆಯೇ ಒಪ್ಪಿಕೊಂಡಂತೆ.

ಈ ಎರಡು ದಾರಿಗಳ ನಡುವೆ ಸೇತುವೆ ಇಲ್ಲವೆಂದಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಡಿಪ್ಲೊಮಾಗೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎರಡನೇ ವರ್ಷದ ಬಿ.ಇ.ಗೆ ಹೋಗಬಹುದು. ಕಾಗದದ ಮೇಲೆ ಕ್ಯಾಸಂಬಳ್ಳಿಯ ಫಿಟ್ಟರ್ ಹುಡುಗ ಊರ್ಗಾಂನ ತಿಮ್ಮಯ್ಯ ಎಂಜಿನಿಯರಿಂಗ್ ಕಾಲೇಜಿನವರೆಗೆ ಏರಬಲ್ಲ. ಆದರೆ ವಿಟಿಯು ಹೀಗೆ ಬಂದವರಿಗೆ ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಕಡ್ಡಾಯ ಮಾಡಿರುವುದನ್ನು ನೋಡಿ. ಹುಡುಗರು ಎಡವುವ ಜಾಗ ಅದೇ ಎಂದು ವಿಶ್ವವಿದ್ಯಾಲಯಕ್ಕೂ ಗೊತ್ತು. ಗಣಿತದ ಜೊತೆಗೆ ಇಂಗ್ಲಿಷ್. ಮನೆಯಲ್ಲಿ ತೆಲುಗೋ ತಮಿಳೋ, ಶಾಲೆಯಲ್ಲಿ ಕನ್ನಡ, ವರ್ಕ್‌ಶಾಪಿನಲ್ಲಿ ಮೂರೂ ಬೆರೆತ ಮಾತು ಆಡಿ ಬೆಳೆದವನಿಗೆ ಎಂಜಿನಿಯರಿಂಗ್ ತರಗತಿಯ ಮೊದಲ ಆರು ತಿಂಗಳು ಬೆಟ್ಟ. ಐಟಿಐ ಪಾಠವನ್ನು ಕಂಪನಿಗೆ ಹೊಂದಿಸುವ ಉತ್ಸಾಹದಲ್ಲಿ ಮೊದಲು ಕತ್ತರಿ ಬೀಳುವುದು ಇವೆರಡಕ್ಕೇ ಎಂಬುದು ನನ್ನ ಭಯ. ಯಂತ್ರ ಬದಲಾದಾಗ ಹೊಸದನ್ನು ಕಲಿಯಲು ಬೇಕಾಗುವುದೂ ಇವೇ.

ಜರ್ಮನಿಯ ಮಾದರಿಯನ್ನು ಎಲ್ಲರೂ ಹೊಗಳುತ್ತಾರೆ. ಅಲ್ಲಿ ಕಂಪನಿಯೇ ಹುಡುಗನನ್ನು ಆರಿಸಿ, ಸ್ಟೈಪೆಂಡ್ ಕೊಟ್ಟು, ವಾರದಲ್ಲಿ ಕೆಲವು ದಿನ ತನ್ನಲ್ಲಿ ಕಲಿಸುತ್ತದೆ. ಉಳಿದ ದಿನ ಅವನು ವೃತ್ತಿ ಶಾಲೆಗೆ ಹೋಗಬೇಕು. ನಮ್ಮಲ್ಲಿ ಅಷ್ಟಾಗಿ ಚರ್ಚೆಯಾಗದ ಭಾಗವೆಂದರೆ ಪರೀಕ್ಷೆ. ಪಠ್ಯವನ್ನು ಮಾಲೀಕರು, ಕಾರ್ಮಿಕ ಸಂಘಗಳು, ಸರ್ಕಾರ ಕೂಡಿ ನಿಗದಿ ಮಾಡುತ್ತಾರೆ, ಪ್ರಮಾಣಪತ್ರವನ್ನು ವಾಣಿಜ್ಯ ಮಂಡಳಿ ಕೊಡುತ್ತದೆ. ಹೀಗಾಗಿ ಅದು ದೇಶದ ಯಾವ ಕಾರ್ಖಾನೆಯಲ್ಲೂ ನಡೆಯುತ್ತದೆ. ಒಂದು ಕಂಪನಿಯಲ್ಲಿ ಕಲಿತರೂ ಕಲಿತದ್ದು ಆ ಕಂಪನಿಗೆ ಗಿರವಿಯಾಗುವುದಿಲ್ಲ. ಅದನ್ನು ಪೂರ್ತಿ ಇಲ್ಲಿಗೆ ತರಲು ನಮ್ಮ ಸಣ್ಣ ಕಾರ್ಖಾನೆಗಳಿಗೆ ಶಕ್ತಿ ಸಾಲದು ಎಂಬ ಆಕ್ಷೇಪವೂ ಸರಿಯೇ. ಆದರೂ 1961ರ ಅಪ್ರೆಂಟಿಸ್ ಕಾಯ್ದೆ ನಮ್ಮ ಕೈಯಲ್ಲಿದೆ. 30 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮ 2019ರಿಂದ ಇದೆ. ನರಸಾಪುರ, ಮಾಲೂರುಗಳಲ್ಲಿ ಅದು ಅಕ್ಷರಶಃ ಪಾಲನೆಯಾಗುವಂತೆ ನೋಡಿಕೊಳ್ಳುವುದು ಹೊಸ ಯೋಜನೆಗಿಂತ ಅಗ್ಗ.

ಹೀಗೆ ಎರಡೂ ಕಡೆ ತೂಗಿದಾಗ ನನ್ನ ಒಲವು ಕಂಪನಿಗಳು ಐಟಿಐ ಒಳಗೆ ಬರಲಿ ಎಂಬ ಕಡೆಗೇ ಇದೆ. ಯಂತ್ರ ತರಲಿ, ಮೇಷ್ಟ್ರುಗಳನ್ನು ತಮ್ಮ ಶಾಪ್‌ ಫ್ಲೋರಿಗೆ ಕರೆಸಿಕೊಂಡು ತರಬೇತಿ ಕೊಡಲಿ. ಟ್ರೇಡಿನ ಹೆಸರು ಮತ್ತು ಬುನಾದಿ ಮಾತ್ರ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಎಂಬಷ್ಟು ಅಗಲವಾಗಿಯೇ ಉಳಿಯಲಿ, ಒಂದು ಕಂಪನಿಯ ಒಂದು ಲೈನಿನಷ್ಟು ಕಿರಿದಾಗದಿರಲಿ. 2007-08ರಿಂದ ಎಷ್ಟೋ ಸರ್ಕಾರಿ ಐಟಿಐಗಳಲ್ಲಿ ಆಡಳಿತ ಸಮಿತಿಗೆ ಉದ್ಯಮದ ಪ್ರತಿನಿಧಿಯೇ ಅಧ್ಯಕ್ಷ. ಆ ಮೇಜಿನ ಸುತ್ತ ಹತ್ತಿರದ ಪಾಲಿಟೆಕ್ನಿಕ್‌ನ ಗಣಿತದ ಉಪನ್ಯಾಸಕರೊಬ್ಬರಿಗೂ, ಎರಡು ವರ್ಷದ ಹಿಂದೆ ಅಲ್ಲೇ ಪಾಸಾಗಿ ಈಗ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಯೊಬ್ಬರಿಗೂ ಕುರ್ಚಿ ಬೇಕು. ಹೊಸ ಕೋರ್ಸು ಕೇಳುವ ಕಂಪನಿ ಎಷ್ಟು ಮಂದಿಯನ್ನು ತೆಗೆದುಕೊಳ್ಳುತ್ತದೆ, ಕಾಯಂ ಎಷ್ಟು, ಕಾಂಟ್ರಾಕ್ಟ್ ಎಷ್ಟು, ಮೊದಲ ತಿಂಗಳ ಸಂಬಳ ಎಷ್ಟು ಎಂಬುದನ್ನು ಸಹಿ ಮಾಡಿ ಕೊಡಲಿ. ಆ ಹಾಳೆ ಜೂನ್ ತಿಂಗಳಲ್ಲಿ ಪ್ರವೇಶದ ಅರ್ಜಿಯ ಜೊತೆಗೇ ಕ್ಯಾಸಂಬಳ್ಳಿಯ ಹೈಸ್ಕೂಲಿನ ನೋಟೀಸ್ ಬೋರ್ಡಿಗೆ ಬರಬೇಕು.