ಗಾಲಿಯೊಳಗಿನ ಎರೆಮಣ್ಣು

ಸಂಸ್ಕೃತದಲ್ಲಿ ಗಾಲಿಯ ನಡುಭಾಗಕ್ಕೆ ನಾಭಿಯೆಂದೂ, ಅದರಿಂದ ಹೊರಡುವ ಕಡ್ಡಿಗಳಿಗೆ ಅರಗಳೆಂದೂ, ಸುತ್ತಿನ ಅಂಚಿಗೆ ನೇಮಿಯೆಂದೂ ಹೆಸರು. ಈ ಮೂರರ ಭಾರವು ನಾಭಿಯ ಸುತ್ತಲೂ ಸಮನಾಗಿದ್ದರೇ ಗಾಲಿಯು ಸುಖವಾಗಿ ಉರುಳುವುದು. ಹಿಂದಿನ ರಥಕ್ಕೆ ಹೇಗೋ ಇಂದಿನ ಮೋಟಾರಿಗೂ ಹಾಗೆಯೇ. ಮಳೆ ಬಿದ್ದ ಮರುದಿನ ಮೋಟಾರು ನಡುಗತೊಡಗಿದರೆ ಯಂತ್ರವೇ ಕೆಟ್ಟಿತೆಂದು ಅನೇಕ ಗೃಹಸ್ಥರು ಗಾಬರಿಯಾಗುವುದುಂಟು. ಕೆಲವೊಮ್ಮೆ ಇದಕ್ಕೆಲ್ಲ ಕಾರಣವು ನೇಮಿಯ ಒಳಮೈಗೆ ಅಂಟಿದ ಒಂದು ಹಿಡಿ ಮಣ್ಣು ಮಾತ್ರ.

ಬಾದಾಮಿಯ ಕಡೆಯ ಮರಳುಮಿಶ್ರಿತ ಕೆಂಪು ಮಣ್ಣು ಒಣಗಿದರೆ ಉದುರಿ ಹೋಗುವುದು. ಹುನಗುಂದದ ಕಡೆಯ ಎರೆಮಣ್ಣಿನ ಗುಣವೇ ಬೇರೆ. ಅದರ ಜೇಡಿಯು ನೀರು ಕುಡಿದು ಉಬ್ಬುವುದು, ಅಂಟಾಗುವುದು. ಒಣಗಿದಾಗ ಕುಗ್ಗಿ ಕಲ್ಲಿನಂತೆ ಗಟ್ಟಿಯಾಗುವುದು. ಹಿಂಗಾರಿಯ ಬಿಳಿಜೋಳ ಬಿತ್ತುವ ಕಾಲಕ್ಕೂ, ಸೀಗೆಹುಣ್ಣಿಮೆಯ ದಿನ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊಲಕ್ಕೆ ಹೋಗುವಾಗಲೂ ಬಂಡಿದಾರಿಯು ಹಸಿಯಾಗಿರುವುದುಂಟು. ಹಿಂದೆ ಬಂಡಿಯು ಕೆಸರಿನಿಂದ ಕೆಸರಿಗೆ ಮೆಲ್ಲಗೆ ನಡೆಯುತ್ತಿತ್ತು. ಇಂದಿನ ಮೋಟಾರಾದರೋ ಅದೇ ಕೆಸರಿನಿಂದ ಹೊರಟು, ಅಲ್ಪಕಾಲದಲ್ಲಿಯೇ ಹುನಗುಂದ ಇಳಕಲ್ಲುಗಳ ಹೆದ್ದಾರಿಯನ್ನೇರಿ ಗಂಟೆಗೆ ೮೦ ಕಿಲೋಮೀಟರು ಓಡುವುದು.

ಮೋಟಾರಿನ ಗಾಲಿಯ ಒಳಮೈಯು ಪರಾತದಂತೆ ತಗ್ಗಾಗಿರುವುದರಿಂದ ಕೆಸರು ಅಲ್ಲಿ ತುಂಬಿಕೊಳ್ಳುವುದು. ಮನೆಯ ಮುಂದೆ ನಿಲ್ಲಿಸಿದ ಮೇಲೆ ರಾತ್ರಿ ಆ ಹಸಿ ಕೆಸರು ಜಾರಿ ಗಾಲಿಯ ಕೆಳಭಾಗದಲ್ಲಿ ಕೂಡಿ, ಬೆಳಗಾಗುವಷ್ಟರಲ್ಲಿ ಬಿಗಿಯುವುದು. ಆದುದರಿಂದ ನಡುಕವು ಹೊಲದಿಂದ ಬಂದ ಸಂಜೆ ತೋರದೆ, ಮರುದಿನದ ಪ್ರಯಾಣದಲ್ಲಿ ತೋರಬಹುದು. ಅಮೇರಿಕೆ, ಕೆನಡಾಗಳ ಶೀತಪ್ರದೇಶಗಳಲ್ಲಿ ನೆಲೆಸಿದ ನಮ್ಮವರಿಗೂ ಇದೇ ತೊಂದರೆಯುಂಟು. ಅಲ್ಲಿ ಹಿಮವು ಗಾಲಿಯೊಳಗೆ ಅಡಕವಾಗಿ, ರಾತ್ರಿಯಲ್ಲಿ ಹೆಪ್ಪುಗಟ್ಟಿ, ಮುಂಜಾನೆ ಮೋಟಾರನ್ನು ನಡುಗಿಸುವುದು.

ಇಷ್ಟು ಸಣ್ಣ ವಸ್ತುವಿಗೆ ಅಷ್ಟು ಬಲವೆಲ್ಲಿಯದು? ಸುಮಾರು ೬೦ ಸೆಂಟಿಮೀಟರು ಅಡ್ಡಳತೆಯ ಗಾಲಿಯು ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು ೧೨ ಸುತ್ತು ತಿರುಗುವುದು. ನಾಭಿಯ ಮಧ್ಯದಿಂದ ೧೮ ಸೆಂಟಿಮೀಟರು ದೂರದಲ್ಲಿ ೧೦೦ ಗ್ರಾಂ ಮಣ್ಣು ಅಂಟಿದ್ದರೆ, ಅದು ಆ ವೇಗದಲ್ಲಿ ಸುಮಾರು ೧೦ ಕಿಲೋಗ್ರಾಂ ತೂಕದಷ್ಟು ಬಲದಿಂದ ಗಾಲಿಯನ್ನು ಹೊರಕ್ಕೆ ಎಳೆಯುವುದು. ಪ್ರತಿ ಸುತ್ತಿಗೂ ಆ ಎಳೆತದ ದಿಕ್ಕು ತಿರುಗುತ್ತಲೇ ಇರುವುದು. ವೇಗವು ಅರ್ಧವಾದರೆ ಬಲವು ಕಾಲು ಭಾಗಕ್ಕಿಳಿಯುವುದು. ಎತ್ತಿನ ಬಂಡಿಗೆ ಅಂಟಿದ ಕೆಸರು ಎತ್ತುಗಳಿಗೆ ಭಾರವಾಯಿತೇ ಹೊರತು ಬಂಡಿಯನ್ನು ನಡುಗಿಸದಿದ್ದುದು ಇದರಿಂದಲೇ.

ಊರೊಳಗೆ ಮೆಲ್ಲಗೆ ಹೋಗುವಾಗ ಸುಮ್ಮನಿದ್ದು, ವೇಗ ಏರಿದಂತೆ ನಡುಕ ಹೆಚ್ಚಿದರೆ ಮೊದಲು ಗಾಲಿಗಳ ಒಳಮೈಯನ್ನು ನೋಡತಕ್ಕದ್ದು. ಕೈಯಲ್ಲಿರುವ ಸ್ಟಿಯರಿಂಗ್ ನಡುಗಿದರೆ ಮುಂದಿನ ಗಾಲಿಗಳನ್ನೂ, ಕುಳಿತ ಆಸನ ನಡುಗಿದರೆ ಹಿಂದಿನವನ್ನೂ ಶಂಕಿಸಬೇಕು. ಮೋಟಾರನ್ನು ಸಮನೆಲದಲ್ಲಿ ನಿಲ್ಲಿಸಿ, ಗಾಲಿಗಳು ತಣಿದ ಬಳಿಕ ಧಾರೆಯಾಗಿ ನೀರು ಬಿಟ್ಟು ಮಣ್ಣನ್ನು ನೆನೆಯಿಸಿ, ಕಟ್ಟಿಗೆಯ ತುಂಡಿನಿಂದ ತೆಗೆಯಬೇಕು. ಕಬ್ಬಿಣದ ಸಲಾಕೆಯನ್ನು ಹಾಕಬಾರದು. ಬ್ರೇಕಿನ ಕೊಳವೆಗಳು ಅಲ್ಲಿಯೇ ಸಮೀಪದಲ್ಲಿರುವುವು. ಅನಂತರ ಮೋಟಾರನ್ನು ಅರ್ಧ ಸುತ್ತು ಮುಂದಕ್ಕೆ ಸರಿಸಿ ಮರೆಯಾಗಿದ್ದ ಭಾಗವನ್ನೂ ತೊಳೆಯಬೇಕು. ಹೊಲದಿಂದ ಬಂದ ಸಂಜೆಯೇ ತೊಳೆದರೆ ಕೆಲಸವು ಸುಲಭ.

ತೊಳೆಯದೆಯೇ ಗಾಲಿಗಳ ಸಮತೂಕ ಮಾಡಿಸುವುದು ವ್ಯರ್ಥವ್ಯಯ. ಮಣ್ಣಿಗೆ ಸರಿಯಾಗಿ ಎದುರು ಬದಿಗೆ ಬಿಲ್ಲೆ ಹಚ್ಚಿದರೆ, ಮುಂದೆ ಮಣ್ಣು ಉದುರಿದ ದಿನ ಆ ಬಿಲ್ಲೆಯೇ ಹೊಸ ಭಾರವಾಗಿ ನಡುಕವು ಮರಳುವುದು.

ಆದರೆ ಎಲ್ಲ ನಡುಕವೂ ಮಣ್ಣಿನದೆಂದು ತಿಳಿದು ನಿಶ್ಚಿಂತರಾಗುವುದು ಮತ್ತೂ ಅಪಾಯಕರ. ತೊಳೆದ ಮೇಲೂ ನಡುಕ ನಿಲ್ಲದಿದ್ದರೆ, ಮೆಲ್ಲಗೆ ಹೋಗುವಾಗಲೂ ಗಾಲಿ ಓಲಾಡಿದರೆ, ಇಲ್ಲವೆ ಟಕಟಕ ಸಪ್ಪಳವಾದರೆ, ನಟ್ಟುಗಳು ಸಡಿಲಾಗಿರಬಹುದು, ಟಾಯರು ಉಬ್ಬಿರಬಹುದು. ಆಗ ಮಕ್ಕಳುಮರಿಗಳನ್ನು ಕೂಡ್ರಿಸಿಕೊಂಡು ಮುಂದೆ ಹೋಗದೆ, ಅಲ್ಲಿಯೇ ನಿಂತು ಬಲ್ಲವರನ್ನು ಕರೆಯಿಸಬೇಕು. ಒಂದು ಕೊಡ ನೀರು ಮೊದಲನೆಯ ಪರೀಕ್ಷೆಯೇ ಹೊರತು ಕೊನೆಯದಲ್ಲ.