ಕ್ಯಾಶ್ ಅಳಿಸಿದರೆ ಎಲ್ಲ ಸರಿಹೋಗುತ್ತದೆಯೇ? ನೆನಪಿಟ್ಟ ಉತ್ತರಗಳ ಲಾಭ ಮತ್ತು ಅಪಾಯ

ಮೊಬೈಲ್ ನಿಧಾನವಾಯಿತೆಂದರೆ ‘ಕ್ಯಾಶ್ ಕ್ಲಿಯರ್ ಮಾಡಿ’ ಎಂಬ ಸಲಹೆ ಸಿದ್ಧವಾಗಿರುತ್ತದೆ. ಇದು ಅರ್ಧ ಸತ್ಯ. ಕ್ಯಾಶ್ ಇರುವುದೇ ವೇಗಕ್ಕಾಗಿ. ಒಮ್ಮೆ ದೂರದಿಂದ ತಂದ ಮಾಹಿತಿಯನ್ನು ಮತ್ತೆ ತರುವ ಶ್ರಮ ಬೇಡವೆಂದು ಹತ್ತಿರದಲ್ಲೇ ಇಟ್ಟುಕೊಳ್ಳುವ ಜಾಗ ಅದು. ಅದನ್ನು ಅಳಿಸಿದರೆ ಮೊದಲ ಸಲ ಆ್ಯಪ್ ಇನ್ನಷ್ಟು ನಿಧಾನವಾಗಿಯೇ ತೆರೆದುಕೊಳ್ಳಬಹುದು. ಅಳಿಸುವುದರಿಂದ ಲಾಭವಾಗುವುದು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ: ಫೋನಿನಲ್ಲಿ ಜಾಗ ತುಂಬಿದ್ದಾಗ, ಇಲ್ಲವೇ ಇಟ್ಟುಕೊಂಡ ಮಾಹಿತಿ ಹಳಸಿದ್ದಾಗ.

ಫೋನಿನಲ್ಲಾದರೆ ಅಳಿಸುವ ಗುಂಡಿ ನಮ್ಮ ಕೈಯಲ್ಲಿದೆ. ಆದರೆ ಆಸ್ಪತ್ರೆ, ಬ್ಯಾಂಕು, ಕಂಪನಿಗಳ ಕಂಪ್ಯೂಟರ್‌ಗಳ ನಡುವೆ ನಮ್ಮ ಕಣ್ಣಿಗೆ ಬೀಳದೆ ಕೆಲಸ ಮಾಡುವ ತಂತ್ರಾಂಶಗಳೂ ಇದೇ ರೀತಿ ಉತ್ತರಗಳನ್ನು ನೆನಪಿಟ್ಟುಕೊಳ್ಳುತ್ತವೆ. ಅಲ್ಲಿ ಮಾಹಿತಿ ಹಳಸಿದರೆ ಗೊತ್ತಾಗುವುದು ಹೇಗೆ?

ದುಭಾಷಿಯ ಕೆಲಸ

ಎರಡು ಸಂಸ್ಥೆಗಳ ಕಂಪ್ಯೂಟರ್‌ಗಳು ಒಂದೇ ವಸ್ತುವನ್ನು ಬೇರೆ ಬೇರೆ ಸಂಖ್ಯೆಗಳಿಂದ ಗುರುತಿಸುತ್ತವೆ. ಇವೆರಡರ ನಡುವೆ ನಿಂತು ಸಂದೇಶವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಿ ಕಳುಹಿಸುವ ದುಭಾಷಿಯೇ ಮಿಡಲ್‌ವೇರ್. ಎಸ್‌ಎಪಿ ಕಂಪನಿಯ ‘ಪ್ರೊಸೆಸ್ ಇಂಟಿಗ್ರೇಷನ್’ ಇದಕ್ಕೊಂದು ಉದಾಹರಣೆ. ಯಾವುದನ್ನು ಯಾವುದಕ್ಕೆ ಬದಲಿಸಬೇಕು ಎಂಬ ನಿಯಮಗಳ ಗುಚ್ಛವನ್ನು ಮ್ಯಾಪಿಂಗ್ ಎನ್ನುತ್ತಾರೆ. ಉತ್ತರ ತನ್ನಲ್ಲಿಲ್ಲದಿದ್ದಾಗ ಮ್ಯಾಪಿಂಗ್ ಬೇರೊಂದು ಡೇಟಾಬೇಸ್ ಅನ್ನು ಕೇಳುತ್ತದೆ. ಇದೇ ಲುಕಪ್.

ಆಸ್ಪತ್ರೆಯೊಂದು ಔಷಧ ಪೂರೈಕೆದಾರರಿಗೆ 500 ಸಾಲುಗಳ ಬೇಡಿಕೆ ಪಟ್ಟಿ ಕಳುಹಿಸುತ್ತಿದೆ ಎಂದುಕೊಳ್ಳಿ. ಪ್ರತಿ ಸಾಲಿನಲ್ಲೂ ಆಸ್ಪತ್ರೆಯ ಔಷಧ ಸಂಕೇತವಿದೆ. ಅದನ್ನು ಪೂರೈಕೆದಾರರ ಸಂಕೇತಕ್ಕೆ ಬದಲಿಸಬೇಕು. ಒಂದು ಲುಕಪ್‌ಗೆ 40 ಮಿಲಿಸೆಕೆಂಡ್ ಎಂದರೆ 500 ಸಾಲಿಗೆ 20 ಸೆಕೆಂಡ್. ಆದರೆ ಬೇರೆ ಬೇರೆ ವಾರ್ಡುಗಳು ಕೇಳಿರುವುದು ಅವೇ 30 ಔಷಧಗಳನ್ನು. ಮೊದಲ ಸಲ ಸಿಕ್ಕ ಉತ್ತರವನ್ನು ನೆನಪಿಟ್ಟುಕೊಂಡರೆ 30 ಲುಕಪ್ ಸಾಕು, 1.2 ಸೆಕೆಂಡಿನಲ್ಲಿ ಅವು ಮುಗಿಯುತ್ತವೆ.

ಹುಡುಕದೆಯೇ ಸಿಗುವುದು ಹೇಗೆ?

ನೆನಪಿಟ್ಟ ಉತ್ತರವನ್ನು ಮತ್ತೆ ಹುಡುಕಲು ಹೊತ್ತು ಹಿಡಿದರೆ ಪ್ರಯೋಜನವೇನು? ಅದಕ್ಕಾಗಿಯೇ ಹ್ಯಾಶ್ ಟೇಬಲ್. ಅಂಚೆ ಕಚೇರಿಯ ವಿಂಗಡಣೆ ಗೂಡುಗಳನ್ನು ನೆನಪಿಸಿಕೊಳ್ಳಿ. ಪಿನ್‌ಕೋಡ್ ನೋಡಿದ ತಕ್ಷಣ ಕಾಗದ ಯಾವ ಗೂಡಿಗೆ ಎಂದು ತಿಳಿಯುತ್ತದೆ, ಎಲ್ಲ ಗೂಡುಗಳನ್ನೂ ತಡಕಬೇಕಿಲ್ಲ. ಹ್ಯಾಶ್ ಟೇಬಲ್ ಕೂಡ ಔಷಧದ ಸಂಕೇತದ ಮೇಲೆ ಒಂದು ಲೆಕ್ಕ ಹಾಕಿ ಗೂಡಿನ ಸಂಖ್ಯೆಯನ್ನು ಪಡೆಯುತ್ತದೆ. ಒಂದೇ ಗೂಡಿಗೆ ಎರಡು ಸಂಕೇತಗಳು ಬಂದರೆ ಎರಡನ್ನೂ ಅಲ್ಲೇ ಇಟ್ಟು, ತೆಗೆಯುವಾಗ ಮೂಲ ಸಂಕೇತವನ್ನು ಹೋಲಿಸಿ ನೋಡುತ್ತದೆ. ಐಬಿಎಂನ ಹಾನ್ಸ್ ಪೀಟರ್ ಲೂನ್ 1953ರಲ್ಲೇ ಈ ಉಪಾಯವನ್ನು ಬರೆದಿಟ್ಟಿದ್ದರು. ಜಾವಾ ಭಾಷೆಯ ‘ಹ್ಯಾಶ್‌ಮ್ಯಾಪ್’ ಸಾಮಾನ್ಯವಾಗಿ 16 ಗೂಡುಗಳಿಂದ ಆರಂಭಿಸುತ್ತದೆ. ಅದರಲ್ಲಿ ಸೇರಿದ ನಮೂದುಗಳು 12ನ್ನು ದಾಟಿದೊಡನೆ ಗೂಡುಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಿಕೊಳ್ಳುತ್ತದೆ.

ತಪ್ಪುವುದೆಲ್ಲಿ?

ಮೊದಲನೆಯದು, ಗೂಡಿನ ಹೆಸರು. ಆಸ್ಪತ್ರೆಗೆ ಇಬ್ಬರು ಪೂರೈಕೆದಾರರಿದ್ದಾರೆ, ಉತ್ತರವನ್ನು ಔಷಧದ ಸಂಕೇತದ ಹೆಸರಿನಲ್ಲಷ್ಟೇ ಇಡಲಾಗಿದೆ ಎನ್ನೋಣ. ಆಗ ಮೊದಲ ಪೂರೈಕೆದಾರರ ಉತ್ತರವೇ ಎರಡನೆಯವರಿಗೂ ಹೋಗುತ್ತದೆ. ಅದೇ ಸಂಖ್ಯೆ ಅವರಲ್ಲಿ ಬೇರೆ ಔಷಧವನ್ನು ಸೂಚಿಸಬಹುದು! ಉತ್ತರ ಯಾವ ಯಾವ ಸಂಗತಿಗಳನ್ನು ಅವಲಂಬಿಸಿದೆಯೋ ಅವೆಲ್ಲವೂ ಗೂಡಿನ ಹೆಸರಿನಲ್ಲಿರಬೇಕು.

ಎರಡನೆಯದು, ಆಯಸ್ಸು. ಒಂದು ಸಂದೇಶದ ಮ್ಯಾಪಿಂಗ್ ಮುಗಿದೊಡನೆ ಟೇಬಲ್ ಅಳಿದುಹೋದರೆ ಅಪಾಯ ಕಡಿಮೆ. ಆದರೆ ಜಾವಾದಲ್ಲಿ ಅದನ್ನು ‘ಸ್ಟ್ಯಾಟಿಕ್’ ಎಂದು ಘೋಷಿಸಿದರೆ, ಆ ಪ್ರೋಗ್ರಾಂ ಸರ್ವರ್‌ನ ಮೆಮೊರಿಯಲ್ಲಿರುವಷ್ಟು ಕಾಲವೂ ಉಳಿಯುತ್ತದೆ. ಅದು ದಿನಗಳಾಗಬಹುದು, ವಾರಗಳೂ ಆಗಬಹುದು. ಈ ನಡುವೆ ಡೇಟಾಬೇಸ್‌ನಲ್ಲಿ ಸಂಕೇತ ಬದಲಾದರೂ ಮ್ಯಾಪಿಂಗ್ ಹಳೆಯದನ್ನೇ ಹೇಳುತ್ತಿರುತ್ತದೆ. ಎರಡು ಸರ್ವರ್‌ಗಳಿದ್ದರೆ ಪ್ರತಿಯೊಂದಕ್ಕೂ ತನ್ನದೇ ಟೇಬಲ್. ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು. ಬೆಳಿಗ್ಗೆ ಸರಿಯಿದ್ದದ್ದು ಮಧ್ಯಾಹ್ನ ತಪ್ಪಾಗಿ, ಸಂಜೆ ಮತ್ತೆ ಸರಿಯಾಗುವ ವಿಚಿತ್ರ ದೂರುಗಳು ಹುಟ್ಟುವುದು ಹೀಗೂ ಉಂಟು. ದೋಷದ ಸಂದೇಶ ಬರುವುದಿಲ್ಲ. ವ್ಯವಸ್ಥೆ ಎಂದಿನಂತೆ, ಎಂದಿನ ವೇಗದಲ್ಲೇ ನಡೆಯುತ್ತಿರುತ್ತದೆ.

ಮೂರನೆಯದು, ‘ಇಲ್ಲ’ ಮತ್ತು ‘ಗೊತ್ತಿಲ್ಲ’ಗಳ ಗೊಂದಲ. ಡೇಟಾಬೇಸ್ ‘ಅಂಥ ಸಂಕೇತವಿಲ್ಲ’ ಎನ್ನುವುದು ಒಂದು ಉತ್ತರ. ಡೇಟಾಬೇಸ್ ಸಂಪರ್ಕಕ್ಕೇ ಸಿಗದಿರುವುದು ಉತ್ತರವಲ್ಲ. ಇವೆರಡನ್ನೂ ಒಂದೇ ಎಂದು ಬಗೆದರೆ ಏನಾಗುತ್ತದೆ ಎಂಬುದಕ್ಕೆ 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಸ್ಥಗಿತಗೊಂಡ ಘಟನೆ ಸಾಕ್ಷಿ. ಕಂಪನಿಯೇ ನೀಡಿದ ವಿವರಣೆಯಂತೆ, ಒಂದು ತಪ್ಪು ಮೌಲ್ಯವನ್ನು ಸರಿಪಡಿಸಲು ಎಲ್ಲ ಕಂಪ್ಯೂಟರ್‌ಗಳೂ ಒಟ್ಟಿಗೇ ಡೇಟಾಬೇಸ್‌ಗೆ ಮುಗಿಬಿದ್ದವು. ಒತ್ತಡಕ್ಕೆ ಡೇಟಾಬೇಸ್ ದೋಷ ತೋರಿಸಿದಾಗ ಅದನ್ನೂ ತಪ್ಪು ಮೌಲ್ಯವೆಂದೇ ತಿಳಿದು ಕ್ಯಾಶ್‌ನಿಂದ ಅಳಿಸಿದವು. ಅಳಿಸಿದ್ದರಿಂದ ಮತ್ತೆ ಕೇಳಿದವು. ಕೊನೆಗೆ ಈ ಸುಳಿಯನ್ನು ಮುರಿಯಲು ತಾಣವನ್ನೇ ನಿಲ್ಲಿಸಬೇಕಾಯಿತು. ಅಂದರೆ, ಕ್ಯಾಶ್ ಅಳಿಸುವುದು ಪರಿಹಾರವಾಗುವ ಬದಲು ಸಮಸ್ಯೆಯೇ ಆಗಬಹುದು.

ಎಕ್ಸ್‌ಪೈರಿ ಡೇಟ್ ಬರೆಯುವವರು ಯಾರು?

ಅಂತರ್ಜಾಲದ ವಿಳಾಸ ಪುಸ್ತಕವಾದ ಡಿಎನ್‌ಎಸ್‌ನಲ್ಲಿ ಇದಕ್ಕೆ ಅಚ್ಚುಕಟ್ಟಾದ ವ್ಯವಸ್ಥೆಯಿದೆ. ‘ಈ ಉತ್ತರವನ್ನು ಇಷ್ಟು ಸೆಕೆಂಡುಗಳ ಕಾಲ ಇಟ್ಟುಕೊಳ್ಳಬಹುದು’ ಎಂಬ ಸೂಚನೆ ಉತ್ತರದ ಜೊತೆಗೇ ಬರುತ್ತದೆ, ಮಾತ್ರೆಯ ಪಟ್ಟಿಯ ಮೇಲೆ ಎಕ್ಸ್‌ಪೈರಿ ಡೇಟ್ ಅಚ್ಚಾಗಿರುವಂತೆ. 1987ರ ಮಾನದಂಡದಲ್ಲೇ ಇದು ಸೇರಿದೆ. ಆದರೆ ಮ್ಯಾಪಿಂಗ್‌ನ ಲುಕಪ್‌ಗೆ ಬರುವ ಉತ್ತರದ ಮೇಲೆ ಸಾಮಾನ್ಯವಾಗಿ ಅಂಥ ಯಾವ ಮುದ್ರೆಯೂ ಇರುವುದಿಲ್ಲ. ಅದನ್ನು ಬರೆಯಬೇಕಾದವರು ಟೇಬಲ್ ರೂಪಿಸಿದ ಪ್ರೋಗ್ರಾಮರ್, ಮತ್ತು ಆ ಮಾಹಿತಿ ಎಷ್ಟು ಬೇಗ ಬದಲಾಗುತ್ತದೆ ಎಂದು ಬಲ್ಲ ಆಸ್ಪತ್ರೆಯ ಸಿಬ್ಬಂದಿ.

ದೇಶಗಳ ಸಂಕೇತಗಳು ಅಪರೂಪಕ್ಕೆ ಬದಲಾಗುತ್ತವೆ. ಒಂದು ದಿನ ಇಟ್ಟುಕೊಂಡರೂ ತೊಂದರೆಯಿಲ್ಲ. ದಾಸ್ತಾನಿನ ಲೆಕ್ಕ ನಿಮಿಷಕ್ಕೊಮ್ಮೆ ಬದಲಾಗಬಹುದು. ಔಷಧದ ಸಂಕೇತ ಬದಲಾಗುವುದು ಕಡಿಮೆ, ಆದರೆ ತಪ್ಪಿದರೆ ನಷ್ಟ ದೊಡ್ಡದು. ಆದ್ದರಿಂದ ಒಂದು ಸಂದೇಶಕ್ಕಷ್ಟೇ ಸೀಮಿತಗೊಳಿಸುವುದು ಕ್ಷೇಮ. ನಮ್ಮ ಉದಾಹರಣೆಯಲ್ಲಿ 20 ಸೆಕೆಂಡ್ 1.2ಕ್ಕೆ ಇಳಿದದ್ದು ಅಷ್ಟರಿಂದಲೇ. ಅದಕ್ಕಿಂತ ಹೆಚ್ಚಿನ ವೇಗಕ್ಕಾಗಿ ಹಳೆಯ ಉತ್ತರವನ್ನು ವಾರಗಟ್ಟಲೆ ನಂಬುವ ಅಗತ್ಯವಿಲ್ಲ.